ಹಳೇ ಜೀಪಿನ ಹರಿಕೇನ್ ಎಂಜಿನ್‌ಗೆ ಇನ್ನಷ್ಟು ದಮ್ಮು ಬೇಕು, ಏನು ಮಾಡಬಹುದು?

ಕೇಳಿದವರು:
ನನ್ನ ಹತ್ತಿರ ವಿಲ್ಲಿಸ್ ಸಿಜೆ-3ಬಿ ಇದೆ. ಎಂಜಿನ್ ಅದರದ್ದೇ, ಎಫ್-134 ಹರಿಕೇನ್ ಪೆಟ್ರೋಲ್. ಸ್ಟಾರ್ಟಿಂಗ್ ಚೆನ್ನಾಗಿದೆ, ಹೊಗೆ ಇಲ್ಲ, ಆಯಿಲ್ ಕುಡಿಯಲ್ಲ. ಆದರೆ ಏರು ಬಂತೆಂದರೆ ಉಸಿರೇ ಇರಲ್ಲ. ಟಾಪ್ ಗೇರಿನಲ್ಲಿ ಸಣ್ಣ ಏರನ್ನೂ ಎಳೆಯಲ್ಲ, ಸೆಕೆಂಡಿಗೆ ಇಳಿಸಲೇಬೇಕು. ಕಚ್ಚಾ ದಾರಿಗೆ ಅಂತ 33 ಇಂಚಿನ ಟೈರ್ ಹಾಕಿಸಿದ್ದೇನೆ. ಡಬಲ್ ಕಾರ್ಬ್ಯುರೇಟರ್ ಹಾಕು ಅಂತ ಒಬ್ಬರು, ಫ್ರೀ-ಫ್ಲೋ ಸೈಲೆನ್ಸರ್ ಸಾಕು ಅಂತ ಇನ್ನೊಬ್ಬರು, ಎಂಜಿನ್ನೇ ಬದಲಿಸು ಅಂತ ಮತ್ತೊಬ್ಬರು. ಇಂಥ ಎಂಜಿನ್ನಿಂದ ನಿಜವಾಗಿ ಶಕ್ತಿ ತೆಗೆದವರು ಅನುಭವ ಹೇಳಿ. ಗಾಡಿಯ ಹಳೇ ಚಹರೆ ಕೆಡಬಾರದು, ಅಷ್ಟೇ ನನ್ನ ಷರತ್ತು.

ಸಿಜೆ-3ಬಿ ಇಟ್ಟುಕೊಂಡ ಇನ್ನೊಬ್ಬರು:
ಈ ಎಂಜಿನ್ ಹೊಸದಿದ್ದಾಗಲೇ 70-75 ಹೆಚ್‌ಪಿ, ಅದೂ 4000 ಆರ್‌ಪಿಎಂಗೆ ಏರಿಸಿದರೆ. ನಿಮ್ಮದು ಈಗ ಎಷ್ಟು ಕೊಡ್ತಿದೆ ಅನ್ನೋದು ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. 50 ಕೊಡ್ತಿದ್ದರೂ ಸ್ಟಾರ್ಟಿಂಗ್ ಚೆನ್ನಾಗಿಯೇ ಇರುತ್ತೆ. ಹಾಗಾಗಿ ಹೊಸದಾಗಿ ಏನಾದರೂ ಕೂರಿಸುವ ಮೊದಲು, ಕಳೆದುಹೋಗಿರುವ ಕುದುರೆಗಳು ಎಲ್ಲಿವೆ ಅಂತ ಹುಡುಕಿ.

ಖರ್ಚೇ ಇಲ್ಲದ್ದರಿಂದ ಶುರು ಮಾಡಿ. ಎಂಜಿನ್ ಆಫ್ ಮಾಡಿ, ಏರ್ ಹೋಸ್ ಬಿಚ್ಚಿ, ಒಬ್ಬರನ್ನು ಒಳಗೆ ಕೂರಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿಸಿ. ನೀವು ಟಾರ್ಚ್ ಹಿಡಿದು ಕಾರ್ಬ್ಯುರೇಟರ್ ಒಳಗೆ ನೋಡಿ. ಥ್ರಾಟಲ್ ತಟ್ಟೆ ನೆಟ್ಟಗೆ ನಿಂತಿರಬೇಕು. ಲಿಂಕೇಜಿನ ಕೀಲುಗಳು ಸವೆದ ಜೀಪುಗಳಲ್ಲಿ ಅದು ಮುಕ್ಕಾಲಿಗೇ ನಿಂತುಬಿಡುತ್ತೆ. ಕೆಲವೊಮ್ಮೆ ಪೆಡಲ್ ಕೆಳಗಿನ ದಪ್ಪ ಮ್ಯಾಟೇ ಅಡ್ಡ ಇರುತ್ತೆ. ಎಳೆತ ಇಲ್ಲ ಅಂತ ಕಾರ್ಬ್ಯುರೇಟರ್ ಬದಲಿಸಿ, ಆಮೇಲೂ ಅದೇ ಮುಕ್ಕಾಲು ಥ್ರಾಟಲ್‌ನಲ್ಲಿ ಓಡಿಸುತ್ತಿದ್ದವರನ್ನು ಕಂಡಿದ್ದೇನೆ. ಚೋಕ್ ತಟ್ಟೆ ಪೂರ್ತಿ ತೆರೆಯುತ್ತದೆಯೇ ಅಂತ ಅದೇ ಟಾರ್ಚಿನಲ್ಲಿ ನೋಡಿಬಿಡಿ.

ಆಮೇಲೆ ನಾಲ್ಕೂ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ಬ್ರೇಕ್ ಹಿಡಿದುಕೊಂಡೇ ಓಡುವ ಹಳೇ ಗಾಡಿಗಳು ಬೇಕಾದಷ್ಟಿವೆ.

ಇಷ್ಟಾದ ಮೇಲೆ ಕಂಪ್ರೆಷನ್, ಅಂದರೆ ಪ್ಲಗ್ ತೂತಿಗೆ ಗೇಜ್ ಇಟ್ಟು ಸ್ಟಾರ್ಟರ್‌ನಲ್ಲಿ ತಿರುಗಿಸಿ ಸಿಲಿಂಡರಿನ ಒತ್ತಡ ಅಳೆಯುವುದು. ಎಂಜಿನ್ ಬಿಸಿ ಇರಲಿ, ನಾಲ್ಕೂ ಪ್ಲಗ್ ಹೊರಗೆ, ಥ್ರಾಟಲ್ ಪೂರ್ತಿ ತೆರೆದಿರಲಿ. ಈ ಎಂಜಿನ್‌ನಲ್ಲಿ 120ರ ಸುತ್ತಮುತ್ತ ಪಿಎಸ್‌ಐ ಬಂದರೆ ಖುಷಿಪಡಿ. ಅದಕ್ಕಿಂತ ಮುಖ್ಯ, ನಾಲ್ಕೂ ಒಂದಕ್ಕೊಂದು 10 ಪಿಎಸ್‌ಐ ಒಳಗಿರಬೇಕು. ಯಾವುದಾದರೂ ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್.

ಇಗ್ನಿಷನ್ ವಿಷಯದಲ್ಲಿ ಎಲ್ಲರೂ ಪಾಯಿಂಟ್ ಗ್ಯಾಪ್ 20 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಪ್ಲಗ್ ಗ್ಯಾಪ್ 30 ಥೌ, ಟೈಮಿಂಗ್ 5 ಡಿಗ್ರಿ ಅಂತ ಸರಿಮಾಡಿ ಕೈ ತೊಳೆದುಕೊಳ್ಳುತ್ತಾರೆ. ಅದು ಐಡ್ಲಿಂಗ್‌ನ ಲೆಕ್ಕ. ಡಿಸ್ಟ್ರಿಬ್ಯೂಟರ್ ತಟ್ಟೆಯ ಕೆಳಗೆ ಎರಡು ಸಣ್ಣ ತೂಕಗಳಿವೆ. ಸ್ಪೀಡ್ ಹೆಚ್ಚಿದಂತೆ ಅವು ಹೊರಚಾಚಿ ಕಿಡಿಯನ್ನು ಮುಂಚಿತವಾಗಿ ಕೊಡಬೇಕು. ದಶಕಗಳಿಂದ ಎಣ್ಣೆ ಕಾಣದೆ ಅವು ತುಕ್ಕು ಹಿಡಿದು ಕೂತಿರುತ್ತವೆ. ರೋಟರನ್ನು ಅದು ತಿರುಗುವ ದಿಕ್ಕಿಗೆ ಬೆರಳಲ್ಲಿ ತಿರುಗಿಸಿ ಬಿಡಿ, ಸ್ಪ್ರಿಂಗ್ ಎಳೆದುಕೊಂಡು ತಟ್ಟನೆ ವಾಪಸ್ ಬರಬೇಕು. ಬರಲಿಲ್ಲವೆಂದರೆ ನಿಮ್ಮ ಏರಿನ ಕಾಯಿಲೆಗೆ ಅರ್ಧ ಮದ್ದು ಅಲ್ಲೇ ಇದೆ. ಸ್ಟ್ರೋಬ್ ಲೈಟ್ ಸಿಕ್ಕಿದರೆ ರೇಸ್ ಮಾಡುತ್ತಾ ಗುರುತು ಸರಿಯುವುದನ್ನೂ ನೋಡಿ.

ಲೆಕ್ಕದ ಹುಚ್ಚಿರುವವರು:
33 ಇಂಚಿನ ಟೈರ್ ಅಂತ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ! ಮೂಲ 6.00-16 ಟೈರ್ ಎತ್ತರ ಸುಮಾರು 29 ಇಂಚು. ನಿಮ್ಮ ಆಕ್ಸಲ್ ಅನುಪಾತ 5.38, ಅಂದರೆ ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು ತಿರುಗಬೇಕು. ಅದನ್ನು 29ರಿಂದ ಗುಣಿಸಿ 33ರಿಂದ ಭಾಗಿಸಿ, 4.73 ಬರುತ್ತೆ. ಅಂದರೆ ಎಂಜಿನ್ ಮುಟ್ಟದೆಯೇ ಚಕ್ರದ ಎಳೆತದಲ್ಲಿ ಶೇ. 12 ಕಳೆದಿದ್ದೀರಿ. ಟೈರಿನ ತೂಕ ಬೇರೆ. ಹಳೇ ಅಳತೆಯ ಟೈರ್ ಯಾರ ಹತ್ತಿರವಾದರೂ ಒಂದು ದಿನಕ್ಕೆ ಎರವಲು ಸಿಕ್ಕಿದರೆ ಹಾಕಿ ಅದೇ ಏರು ಹತ್ತಿ ನೋಡಿ, ಬಾಯಿಮಾತಿನ ವಾದವೇ ಬೇಡ.

ಇನ್ನೊಂದು, ಎತ್ತರದ ಜಾಗದಲ್ಲಿ ಓಡಿಸುತ್ತಿದ್ದರೆ ಪ್ರತಿ 1000 ಮೀಟರಿಗೆ ಸುಮಾರು ಹತ್ತರಲ್ಲೊಂದು ಭಾಗ ಶಕ್ತಿ ಗಾಳಿಯ ಲೆಕ್ಕದಲ್ಲೇ ಹೋಗುತ್ತೆ. ಅದಕ್ಕೆ ಟರ್ಬೋ ಬಿಟ್ಟರೆ ಔಷಧಿ ಇಲ್ಲ, ಈ ಎಂಜಿನ್‌ಗೆ ಟರ್ಬೋ ಅಂತ ದಯವಿಟ್ಟು ಯಾರೂ ಶುರು ಮಾಡಬೇಡಿ.

ಯುದ್ಧಕಾಲದ ಎಂಬಿ ಜೀಪ್ ಇಟ್ಟುಕೊಂಡವರು:
ನನ್ನದು ಅದಕ್ಕೂ ಹಿಂದಿನ ಎಲ್-134, ಎರಡೂ ವಾಲ್ವ್ ಬ್ಲಾಕಿನಲ್ಲೇ ಇರುವ ಫ್ಲಾಟ್‌ಹೆಡ್, 60 ಹೆಚ್‌ಪಿ. ಸೈಲೆನ್ಸರ್ ಬಗ್ಗೆ ಕೇಳಿದ್ದೀರಿ, ಹೇಳುತ್ತೇನೆ. ನನ್ನ ಎಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಳಗೆ, ಚಳಿಯಲ್ಲಿ ಇನ್‌ಟೇಕ್ ಬಿಸಿ ಮಾಡಲು ಒಂದು ಕದ ಇದೆ. ಬಿಸಿ ಏರಿದಂತೆ ಸ್ಪ್ರಿಂಗ್ ಸಡಿಲಾಗಿ ಅದು ತಿರುಗಿಕೊಳ್ಳಬೇಕು. ನನ್ನದರಲ್ಲಿ ಚಳಿಯ ಸ್ಥಾನದಲ್ಲೇ ಜಾಮ್ ಆಗಿತ್ತು. ಬಿಡಿಸಿದ ಮೇಲೆ ಸಿಕ್ಕಿದ ವ್ಯತ್ಯಾಸ, ಅದಕ್ಕೂ ಮೊದಲು ಹಾಕಿಸಿದ್ದ ದೊಡ್ಡ ಪೈಪಿನಿಂದ ಸಿಕ್ಕಿರಲಿಲ್ಲ. ಪೈಪಿನಿಂದ ಬಂದದ್ದು ಸದ್ದು ಮಾತ್ರ. ಪೈಪ್ ಒಳಗೆ ಕಟ್ಟಿಕೊಂಡಿದ್ದರೆ, ನಜ್ಜಿದ್ದರೆ ಬದಲಿಸಿ, ಇಲ್ಲದಿದ್ದರೆ ಬಿಡಿ.

ಆಯಿಲ್-ಬಾತ್ ಏರ್ ಕ್ಲೀನರ್ ಕಿತ್ತುಹಾಕಿ ಅಂತಲೂ ಯಾರಾದರೂ ಹೇಳಿಯಾರು. ಧೂಳಿನಲ್ಲಿ ಓಡುವ ಗಾಡಿಗೆ ಅದು ಬೇಕು. ಗೆರೆಗಿಂತ ಹೆಚ್ಚು ಆಯಿಲ್ ತುಂಬದಿದ್ದರೆ ಸಾಕು.

ಎಂಜಿನ್ ಕೆಲಸ ಮಾಡುವವರು:
ಡಬಲ್ ಕಾರ್ಬ್ಯುರೇಟರ್ ಅಂದವರು ಈ ಎಂಜಿನ್ ಬಿಚ್ಚಿ ನೋಡಿಲ್ಲ. ಹರಿಕೇನ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಬೇರೆ ಬಿಡಿಭಾಗವೇ ಅಲ್ಲ, ಹೆಡ್‌ನೊಳಗೇ ಎರಕ ಹೊಯ್ದಿದ್ದಾರೆ. ಎರಡು ಕಾರ್ಬ್ಯುರೇಟರ್ ಇಟ್ಟರೂ ಗಾಳಿ ಹೋಗಬೇಕಾದ್ದು ಅದೇ ಕಿಂಡಿಯಲ್ಲಿ. ಇರುವ ಕಾರ್ಬ್ಯುರೇಟರಿನ ಥ್ರಾಟಲ್ ಶಾಫ್ಟ್ ಸವೆದು ಪಕ್ಕದಿಂದ ಗಾಳಿ ಎಳೆಯುತ್ತಿದ್ದರೆ ಬುಷ್ ಹಾಕಿಸಿ, ಫ್ಲೋಟ್ ಮಟ್ಟ ಸರಿಮಾಡಿ. ಎಥನಾಲ್ ಬೆರೆತ ಪೆಟ್ರೋಲ್ ಹಾಕುತ್ತಿದ್ದರೆ ಮಿಕ್ಸ್ಚರ್ ತೆಳುವಾಗುತ್ತೆ. ಮೇನ್ ಜೆಟ್ ಒಂದು ಅಳತೆ ದೊಡ್ಡದು ಬೇಕಾಗಬಹುದು, ಪಂಪಿನ ಡಯಾಫ್ರಾಮ್ ಮತ್ತು ರಬ್ಬರ್ ಹೋಸ್‌ಗಳನ್ನೂ ಅದಕ್ಕೆ ತಡೆಯುವಂಥವಕ್ಕೆ ಬದಲಿಸಿ.

ನಿಜವಾಗಿ ಶಕ್ತಿ ಹೆಚ್ಚಿಸುವ ಕೆಲಸ ಅಂದರೆ ಹೆಡ್ ಸ್ಕಿಮ್ಮಿಂಗ್, ಹೆಡ್‌ನ ಕೆಳಮೈಯನ್ನು ತುಸು ಉಜ್ಜಿಸಿ ಮಿಶ್ರಣ ಇನ್ನಷ್ಟು ಒತ್ತುವಂತೆ ಮಾಡುವುದು. ಈ ಎಂಜಿನ್ ಸಾಮಾನ್ಯವಾಗಿ 6.9 ಕಂಪ್ರೆಷನ್ ಅನುಪಾತದ್ದು, 7.4ರದ್ದೂ ಕಾರ್ಖಾನೆಯಿಂದ ಬರುತ್ತಿತ್ತು. ಈಗಿನ ಪೆಟ್ರೋಲಿಗೆ 7.5 ಏನೂ ಭಾರವಲ್ಲ. ಒಂದು ಸಿಲಿಂಡರಿನ ಅಳತೆ 550 ಸಿಸಿ. 6.9ಕ್ಕೆ ಚೇಂಬರ್, ಅಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ, ಸುಮಾರು 93 ಸಿಸಿ, 7.5ಕ್ಕೆ 85ರ ಹತ್ತಿರ. ಅಂದರೆ ತೆಗೆಯಬೇಕಾದ್ದು 8-9 ಸಿಸಿ ಅಷ್ಟೇ. ಇಷ್ಟು ಥೌ ತೆಗಿ ಅಂತ ಕಣ್ಣಳತೆಯಲ್ಲಿ ಹೇಳಬೇಡಿ, ಹಿಂದೆ ಯಾರೋ ಒಮ್ಮೆ ಉಜ್ಜಿಸಿರಬಹುದು. ಬ್ಯೂರೆಟ್‌ನಲ್ಲಿ ಸೀಮೆಎಣ್ಣೆ ಬಿಟ್ಟು ಚೇಂಬರ್ ಅಳೆದ ಮೇಲೇ ಮಿಷಿನ್‌ಗೆ ಕೊಡಿ.

ಇಲ್ಲಿ ಒಂದು ಅಪಾಯ ಇದೆ. ಹರಿಕೇನ್‌ನಲ್ಲಿ ಇನ್‌ಟೇಕ್ ವಾಲ್ವ್ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಹೆಡ್ ಕೆಳಗಿಳಿದಷ್ಟೂ ಎಕ್ಸಾಸ್ಟ್ ವಾಲ್ವ್ ಏಳುವ ಜಾಗ ಕಿರಿದಾಗುತ್ತೆ. ಮಕ್ಕಳು ಆಡುವ ಮೆತ್ತನೆ ಕ್ಲೇ ಒಂದು ಉಂಡೆ ವಾಲ್ವ್ ಮೇಲಿಡಿ, ಹಳೇ ಗ್ಯಾಸ್ಕೆಟ್ ಸಮೇತ ಹೆಡ್ ಬಿಗಿದು ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಹೆಡ್ ತೆಗೆದು, ಚಪ್ಪಟೆಯಾದ ಕ್ಲೇಯನ್ನು ಬ್ಲೇಡಿನಲ್ಲಿ ಕತ್ತರಿಸಿ ದಪ್ಪ ಅಳೆಯಿರಿ. ಎಷ್ಟು ತೆಗೆಯಬಹುದು ಅನ್ನೋದನ್ನು ಅದು ಹೇಳುತ್ತೆ. ಎಂಬಿಯವರ ಫ್ಲಾಟ್‌ಹೆಡ್‌ನಲ್ಲಿ ಇನ್ನೂ ಕಷ್ಟ. ಅದರಲ್ಲಿ ವಾಲ್ವ್‌ನಿಂದ ಸಿಲಿಂಡರಿಗೆ ಗಾಳಿ ದಾಟುವುದೇ ಹೆಡ್ ಕೆಳಗಿನ ಸಂದಿನಲ್ಲಿ, ಅದನ್ನು ಕಿರಿದು ಮಾಡಿದರೆ ಉಸಿರು ಕಟ್ಟುತ್ತೆ.

ಇಷ್ಟೆಲ್ಲಾ ಮಾಡಿದರೆ ಸಿಗುವುದೆಷ್ಟು? 6.9ರಿಂದ 7.5ಕ್ಕೆ ಲೆಕ್ಕದಲ್ಲಿ ಶೇ. 3ರಷ್ಟು. ಸಿಲಿಂಡರ್ ಕೊರೆಸಿ 60 ಥೌ ಅಗಲಿಸಿದರೆ (ಓವರ್‌ಬೋರ್) ಸಿಸಿ ಹೆಚ್ಚುವುದು ಶೇ. 4ಕ್ಕಿಂತ ತುಸು ಕಡಿಮೆ. ಅದಕ್ಕೇ ನಾನು ಇವೆರಡನ್ನೂ ಬೇರೆ ಕಾರಣಕ್ಕೆ ಎಂಜಿನ್ ಬಿಚ್ಚಿದಾಗ ಮಾತ್ರ ಮಾಡಿ ಅನ್ನುತ್ತೇನೆ. ವಾಲ್ವ್ ಎತ್ತುವ ಕ್ಯಾಮ್ ಉಜ್ಜಿಸಿ ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಹುಡುಕುವ ಆಸೆಯೂ ಬೇಡ. ಸ್ಟ್ರೋಕ್ 111 ಮಿಲಿಮೀಟರ್, ಕ್ರ್ಯಾಂಕ್ ನಿಂತಿರುವುದು ಮೂರೇ ಬೇರಿಂಗ್ ಮೇಲೆ. ಇದು ಓಡುವ ಎಂಜಿನ್ ಅಲ್ಲ, ಎಳೆಯುವ ಎಂಜಿನ್. ಟಾರ್ಕ್ ಇರುವುದು 2000 ಆರ್‌ಪಿಎಂ ಹತ್ತಿರ.

ವಿ6 ಕೂರಿಸಿದವರು:
ಕಂಪನಿಯವರೇ 1965ರ ಸುಮಾರಿಗೆ ಸಿಜೆ-5ರಲ್ಲಿ ಬ್ಯೂಕ್ ಮೂಲದ 225 ಘನ ಇಂಚಿನ ವಿ6 ಕೊಡಲು ಶುರು ಮಾಡಿದರು, 160 ಹೆಚ್‌ಪಿ, ಹೆಸರು ಡಾಂಟ್‌ಲೆಸ್. ಅದನ್ನೇ ನನ್ನ 3ಬಿಗೆ ಹಾಕಿದ್ದೇನೆ. ಏರು ಅನ್ನೋದೇ ಮರೆತುಹೋಗಿದೆ, ಸುಳ್ಳು ಹೇಳಲ್ಲ. ಆದರೆ ಎಂಜಿನ್ ಒಂದೇ ಬರುವುದಿಲ್ಲ. ಮೌಂಟ್, ಅಡಾಪ್ಟರ್, ಕ್ಲಚ್, ದೊಡ್ಡ ರೇಡಿಯೇಟರ್ ಬಂತು. ಮೂರು ಗೇರಿನ ಟಿ-90 ಬಾಕ್ಸ್ ತಡೆಯಲ್ಲ ಅಂತ ಗೊತ್ತಾಗಿ ಅದೂ ಹೋಯ್ತು. 9 ಇಂಚಿನ ಡ್ರಮ್ ಬ್ರೇಕ್, ಅದೂ ಒಂದೇ ಸರ್ಕ್ಯೂಟ್, ಹೊಸ ವೇಗಕ್ಕೆ ಸಾಲದೆ ಅದನ್ನೂ ಬದಲಿಸಬೇಕಾಯ್ತು. ಮೂಗಿಗಿಂತ ಮೂಗುತಿ ಭಾರ ಆಯ್ತು ಅಂತ ಮನೆಯವರು ಹೇಳಿದ್ದು ಸರಿಯೇ. ದಾಖಲೆಯಲ್ಲಿ ಎಂಜಿನ್ ನಂಬರ್ ಬದಲಾಯಿಸುವ ಓಡಾಟ ಬೇರೆ.

ನಿಮಗೆ ಹಳೇ ಚಹರೆ ಮುಖ್ಯ ಅಂದಿರಿ. 3ಬಿಯ ಆ ಎತ್ತರದ ಬಾನೆಟ್ ಇರುವುದೇ ಹರಿಕೇನ್ ಎಂಜಿನ್ ಎತ್ತರ ಇದ್ದದ್ದಕ್ಕೆ. ನನ್ನ ಸಲಹೆ ಏನು ಅಂತ ಬೇರೆ ಹೇಳಬೇಕಿಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹೇಳಿದ್ದನ್ನೆಲ್ಲ ನೋಡಿದೆ. ಥ್ರಾಟಲ್ ಪೂರ್ತಿ ತೆರೆಯುತ್ತೆ. ರೋಟರ್ ತಿರುಗಿಸಿದರೆ ವಾಪಸ್ ಬರಲಿಲ್ಲ, ತಟ್ಟೆ ಎತ್ತಿ ನೋಡಿದರೆ ಒಂದು ತೂಕ ಗೂಟಕ್ಕೇ ಕಚ್ಚಿಕೊಂಡಿತ್ತು. ಬಿಡಿಸಿ ಎಣ್ಣೆ ಬಿಟ್ಟ ಮೇಲೆ ಟಾಪ್ ಗೇರಿನಲ್ಲಿ ಗೊತ್ತಾಗುವಷ್ಟು ಎಳೆತ ಬಂದಿದೆ. ಕಂಪ್ರೆಷನ್ 118, 120, 84, 116. ಮೂರನೆಯದಕ್ಕೆ ಆಯಿಲ್ ಬಿಟ್ಟರೂ 84 ಏರಲಿಲ್ಲ. ಟೈರ್ ಎರವಲು ಇನ್ನೂ ಸಿಕ್ಕಿಲ್ಲ. ಈಗ ಹೆಡ್ ಇಳಿಸಬೇಕೇ?

ಎಂಜಿನ್ ಕೆಲಸ ಮಾಡುವವರು:
ತಡೆಯಿರಿ. ಎಂಜಿನ್ ತಣ್ಣಗಿದ್ದಾಗ ಬ್ಲಾಕಿನ ಪಕ್ಕದ ಟ್ಯಾಪೆಟ್ ಕವರ್ ತೆಗೆದು ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ಕ್ಲಿಯರೆನ್ಸ್, ಅಂದರೆ ವಾಲ್ವ್‌ಗೂ ಟ್ಯಾಪೆಟ್‌ಗೂ ನಡುವಿನ ಸಂದು ನೋಡಿ. 16 ಥೌ ಇರಬೇಕು. ಸೀಟು ಸವೆದು ವಾಲ್ವ್ ಒಳಗಿಳಿದಂತೆ ಅದು ಸೊನ್ನೆಗೆ ಬರುತ್ತೆ, ಸದ್ದೂ ಇರುವುದಿಲ್ಲ, ವಾಲ್ವ್ ಪೂರ್ತಿ ಮುಚ್ಚುವುದೂ ಇಲ್ಲ. ಸರಿಮಾಡಿ, ಸ್ವಲ್ಪ ಓಡಿಸಿ, ಮತ್ತೆ ಅಳೆಯಿರಿ. ಮೇಲಿನ ಇನ್‌ಟೇಕ್ 18 ಥೌ, ಅದನ್ನೂ ಆಗಲೇ ನೋಡಿಬಿಡಿ. ಆಮೇಲೂ 84ರಲ್ಲೇ ನಿಂತರೆ, ಎರಡೂ ವಾಲ್ವ್ ಮುಚ್ಚಿರಬೇಕಾದ ಕಂಪ್ರೆಷನ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲಿದ್ದಾಗ ಪ್ಲಗ್ ತೂತಿನಿಂದ ಗಾಳಿ ಒತ್ತಿ ಎಲ್ಲಿ ಸೋರುತ್ತಿದೆ ಅಂತ ಕಿವಿಗೊಡಿ. ಸೈಲೆನ್ಸರಿನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್ ಸುಟ್ಟಿದೆ, ಹೆಡ್ ಇಳಿಸಿ. ಹೇಗೂ ಇಳಿಯುತ್ತಲ್ಲ, ಆಗ ಚೇಂಬರ್ ಅಳೆದು ಸ್ಕಿಮ್ಮಿಂಗ್ ಮಾಡಿಸುವ ವಿಚಾರ ಮಾಡಿ. ಇಳಿಸುವಾಗ ಒಂದು ನೆನಪಿಡಿ, ಹೆಡ್ ಬೋಲ್ಟುಗಳಲ್ಲಿ ಒಂದು ಕಾರ್ಬ್ಯುರೇಟರ್ ಕೆಳಗಿನ ಕಿಂಡಿಯೊಳಗೆ ಅಡಗಿದೆ. ಅದನ್ನು ಬಿಚ್ಚದೆ ಲಿವರ್ ಹಾಕಿ ಎತ್ತಿದರೆ ಹೆಡ್ ಬಿರುಕು ಬಿಡುತ್ತೆ.