ಕಬ್ಬು ಹೋದ ಎರಿಗೆ ಯಾವ ಗೋಧಿ ಹಾಕ್ಲಿ? ಅನುಭವ ಇದ್ದವ್ರು ಹೇಳ್ರಿ

ಮುಧೋಳ ಕಡೆಯಿಂದ: ಎರಡು ಎಕರೆ ಎರಿ ಹೊಲ, ಬೋರಿನ ನೀರು ಐತಿ. ಕಬ್ಬು ಕಡಿಸಿ ಹಿಂಗಾರಿಗೆ ಗೋಧಿ ಬಿತ್ತಬೇಕಂತ ಮಾಡೀನಿ. ಭಾಳ ಇಳುವರಿ ಕೊಡೋ ತಳಿ ಯಾವುದ್ರಿ?

ಗೋಕಾಕದಿಂದ: ನಾ ಹಾಕೋದು ಯುಎಎಸ್ 304, ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ಗಿಡ್ಡ ತಳಿ, ಗಾಳಿಗೆ ಲಗೂನ ಮಲಗೂದಿಲ್ಲ. ಭಂಡಾರ ರೋಗ (ತುಕ್ಕು ರೋಗ) ತಡಕೋತೈತಿ, ಚಪಾತಿನೂ ಮೆತ್ತಗ. ಮೊದಲ ವರ್ಷ ನವೆಂಬರ್ 10ಕ್ಕ ಬಿತ್ತಿದ್ದೆ, ಎಕರೆಗೆ 15 ಕ್ವಿಂಟಲ್ ಬಂತು. ಮರುವರ್ಷ ಕಬ್ಬಿನ ಗ್ಯಾಂಗ್ ತಡಾ ಮಾಡಿ ಡಿಸೆಂಬರ್ 20 ಆತು. ಅದೇ ಬೀಜ, ಅದೇ ಗೊಬ್ಬರ, 8 ಕ್ವಿಂಟಲ್! ಹಾಲುಗಾಳು ಇದ್ದಾಗ ಬಿಸಿಲು ಝಳ ಹೊಡೀತು. ಅಂಗೈಯಾಗ ತಿಕ್ಕಿ ಊದಿದ್ರ ಹೊಟ್ಟಿನ ಜೋಡಿ ಕಾಳೂ ಹಾರಿ ಹೋಗ್ತಿದ್ವು, ಜೀರಿಗಿ ಆಗಿದ್ವು.

ಅದಕ್ಕ ತಳಿ ಆಮ್ಯಾಲ, ಮೊದಲ ನಿಮ್ಮ ಕಬ್ಬು ಯಾವಾಗ ಹೋಗ್ತೈತಿ ನೋಡ್ರಿ. ನವೆಂಬರ್ 15ರೊಳಗ ಹೊಲ ಖಾಲಿ ಆದ್ರ 304, ಇಲ್ಲಾ ಪುಣೆಯ ಎಂಎಸಿಎಸ್ 6478. ಡಿಸೆಂಬರಿಗೆ ಹೋದ್ರ ತಡ ಬಿತ್ತನಿಗಂತನ ಬಿಟ್ಟಿರೋ ಎಚ್‌ಡಿ 2932. ಎಕರೆಗೆ 60 ಕೆಜಿ ಬೀಜ ಹಾಕ್ತೀನಿ. ತಡಾ ಆದ್ರ ಮರಿ (ಬುಡದಿಂದ ಬರೋ ಕವಲು) ಕಡಿಮಿ ಒಡೀತಾವು, ಇನ್ನಷ್ಟು ಕೂಡಿಸ್ರಿ. ಮತ್ತ 21ನೇ ದಿನದ ನೀರು ತಪ್ಪಿಸಬ್ಯಾಡ್ರಿ. ಆವಾಗ ಬುಡದಾಗ ಕಿರೀಟ ಬೇರು ಬಿಡ್ತೈತಿ, ಅದು ತಪ್ಪಿದ್ರ ಮುಂದ ಎಷ್ಟು ಹರಿಸಿದ್ರೂ ಮರಿ ಬರೂದಿಲ್ಲ.

ಸಿಂದಗಿಯಿಂದ: ನಮ್ಮದು ಒಣ ಬೇಸಾಯ, ನಿಮಗ ಲೆಕ್ಕಕ್ಕ ಬರೂದಿಲ್ಲ ಖರೆ. ಅಪ್ಪ ಬಿಜಗಾ ಯಲ್ಲೋ ಹಾಕ್ತಿದ್ದ. ಆಳು ಎತ್ತರ, ಕಾಳು ಬಂಗಾರದಂಗ. ಭಂಡಾರ ಬಿದ್ದ ವರ್ಷ ಹೊಲ ಸುತ್ತಿ ಬಂದ್ರ ಧೋತರ ಕೆಂಪಗಾಗ್ತಿತ್ತು. ನಾ ಈಗ ಯುಎಎಸ್ 446 ಹಾಕ್ತೀನಿ, ಅಕ್ಟೋಬರ್‌ನಾಗನ ಬಿತ್ತಬೇಕು.

ಬೈಲಹೊಂಗಲದಿಂದ: ಅರ್ಧ ಎಕರೆ ಹುಗ್ಗಿಗೆ ಸದಕ ಗೋಧಿ ಹಾಕ್ರಿ, ಡಿಡಿಕೆ 1029 ಅನ್ನೋ ತಳಿ. ಇದೂ ಗಿಡ್ಡ. ರಾಶಿ ಮಾಡಿದ್ರೂ ಹೊಟ್ಟು ಬಿಡೂದಿಲ್ಲ, ಗಿರಣಿಗೆ ಒಯ್ದು ಬಿಡಿಸಬೇಕು, ಅದೊಂದು ತ್ರಾಸು. ಆದ್ರ ಹುಗ್ಗಿಗೆ 304 ಹಾಕಿ ನೋಡ್ರಿ, ಮನಿಯಾಗ ಬೈಸ್ಕೋತೀರಿ.

ಮುಧೋಳ ಕಡೆಯಿಂದ: ಗ್ಯಾಂಗಿನವ್ರು ನವೆಂಬರ್ ಕೊನಿಗೆ ಬರ್ತೀವಿ ಅಂದಾರ.

ಗೋಕಾಕದಿಂದ: ಅಂದ್ರ ಡಿಸೆಂಬರ್ ಹತ್ತು ಹಿಡೀರಿ. 2932 ಬೀಜ ಈಗನ ಹೇಳಿಡ್ರಿ.