ಆರೈಕೆಯ ನೀತಿ ಮತ್ತು ಗೃಹಲಕ್ಷ್ಮಿ: ಹಣವೊಂದೇ ಸಾಕೇ?

ಪ್ರಶ್ನೆ:
ಆರೈಕೆಯೆಂಬುದು ಮನೆಯೊಳಗಿನ ಸದ್ಗುಣ ಮಾತ್ರವಲ್ಲ, ಅದು ರಾಜಕೀಯದ ಪ್ರಶ್ನೆಯೂ ಹೌದು ಎಂದು ಸ್ತ್ರೀವಾದಿ ಚಿಂತಕಿ ಜೋನ್ ಟ್ರೊಂಟೊ ವಾದಿಸುತ್ತಾರೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುತ್ತದೆ. ಇದನ್ನು ಆರೈಕೆಯ ದುಡಿಮೆಗೆ ಸಂದ ಮನ್ನಣೆ ಎನ್ನಬಹುದೇ?

ಉತ್ತರ 1:
ಹೆಣ್ಣಿನ ಕೈಗೆ ಹಣ ಬರುವುದು ಸಣ್ಣ ಸಂಗತಿಯಲ್ಲ. ಆದರೆ ಅದರಿಂದ ಕೆಲಸದ ಹಂಚಿಕೆ ಬದಲಾಗುವುದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ ಗಂಡಸರು ದುಡಿದದ್ದು 97 ನಿಮಿಷ. ಹೊಣೆ ಹೊರುವವರು ಯಾರು, ಅದರಿಂದ ಸಲೀಸಾಗಿ ತಪ್ಪಿಸಿಕೊಳ್ಳುವವರು ಯಾರು ಎಂಬುದೇ ಟ್ರೊಂಟೊ ಅವರ ಮುಖ್ಯ ಪ್ರಶ್ನೆ. ಆ ದೃಷ್ಟಿಯಿಂದ, ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ಯೇ ನನಗೆ ಹೆಚ್ಚು ಮಹತ್ವದ್ದಾಗಿ ಕಾಣುತ್ತದೆ.

ಉತ್ತರ 2:
ಒಪ್ಪುತ್ತೇನೆ. ಆದರೆ ಕೂಸಿನ ಮನೆಯಲ್ಲಾಗಲಿ ಅಂಗನವಾಡಿಯಲ್ಲಾಗಲಿ ಕೂಸನ್ನು ಎತ್ತಿಕೊಳ್ಳುವವರ ಸ್ಥಿತಿಯೇನು? ಅಂಗನವಾಡಿಯೊಂದರಲ್ಲಿ ಟೀಚರ್ ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡೇ ಇನ್ನೊಂದು ಕೈಯಲ್ಲಿ ಮೊಬೈಲಿಗೆ ಮಕ್ಕಳ ತೂಕ ತುಂಬುತ್ತಿದ್ದುದನ್ನು ಕಂಡಿದ್ದೇನೆ. ಅಂಗನವಾಡಿ 1975ರಿಂದ ನಡೆದುಬಂದ ಯೋಜನೆಯಾದರೂ ಅಲ್ಲಿ ದುಡಿಯುವ ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಇವರೂ ಗ್ರಾಚ್ಯುಟಿಗೆ ಅರ್ಹರೆಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಆರೈಕೆ ಮಾಡುವವರನ್ನೇ ಆರೈಕೆಯಿಲ್ಲದೆ ಬಿಡುವ ವ್ಯವಸ್ಥೆಯಿದು. ನನಗೆ ಇದು ಬಹಳ ನೋವಿನ ವಿಷಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಮ್ಮ ಪಂಚಾಯಿತಿಯ ಕೂಸಿನ ಮನೆಯ ಆರೈಕೆದಾರರನ್ನೂ ತಾಯಂದಿರನ್ನೂ ಮುಂದಿನ ಗ್ರಾಮಸಭೆಗೆ ಕರೆಸಿ, ಅವರ ಮಾತನ್ನು ನಡಾವಳಿಯಲ್ಲಿ ದಾಖಲಿಸುವಂತೆ ಕೇಳುತ್ತೇನೆ.