ಗೋಲ್ಡ್ ವಿಂಗ್ ಹಿಂದೆ ಸಾಮಾನಿನ ಟ್ರೇಲರ್ ಎಳೆಯಬಹುದೇ?

ಪ್ರಶ್ನೆ: ಬರುವ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಹೋಂಡಾ ಗೋಲ್ಡ್ ವಿಂಗ್ ಬೈಕಿನಲ್ಲಿ ಕ್ಯಾಲಿಫೋರ್ನಿಯಾದಿಂದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಲಿದ್ದೇವೆ. ಡೇರೆ, ಹಾಸಿಗೆಗಳಿಗಾಗಿ ಎರಡು ಗಾಲಿಯ ಚಿಕ್ಕ ಟ್ರೇಲರ್ ಕಟ್ಟಿಕೊಂಡರೆ ಬೈಕಿನ ಓಟ ಎಷ್ಟು ಬದಲಾಗುತ್ತದೆ?

ಉತ್ತರ 1: ಎಳೆಯುವ ಶಕ್ತಿಗೆ ಕೊರತೆಯಿಲ್ಲ, ತೊಂದರೆ ಇರುವುದು ಭಾರದ ಹಂಚಿಕೆಯಲ್ಲಿ. ತುಂಬಿದ ಟ್ರೇಲರ್ 100 ಕಿಲೋ ತೂಗಿದರೆ ಅದರಲ್ಲಿ 10ರಿಂದ 15 ಕಿಲೋ, ಬೈಕಿಗೂ ಟ್ರೇಲರಿಗೂ ಜೋಡಣೆಯಾಗುವ ಕೊಂಡಿಯ ಮೇಲೆ ಕೂರಬೇಕು. ಭಾರವಾದ ಸಾಮಾನನ್ನು ಟ್ರೇಲರಿನ ಗಾಲಿಗಳ ಅಚ್ಚಿಗಿಂತ ಹಿಂದೆ ತುಂಬಿದರೆ, ವೇಗ ಹೆಚ್ಚಿದಂತೆ ಟ್ರೇಲರ್ ಬಾಲದಂತೆ ಅತ್ತಿತ್ತ ಬೀಸತೊಡಗಿ ಬೈಕನ್ನೂ ಅಲುಗಾಡಿಸುತ್ತದೆ. ತಿರುವಿನಲ್ಲಿ ಬೈಕು ವಾಲುತ್ತದೆ, ಟ್ರೇಲರ್ ವಾಲುವುದಿಲ್ಲ. ಆದ್ದರಿಂದ ಸುತ್ತ ತಿರುಗುವ ಕೊಂಡಿಯನ್ನೇ ಆರಿಸಿಕೊಳ್ಳಿ.

ಉತ್ತರ 2: ಟ್ರೇಲರ್ ಎಳೆಯಬಾರದೆಂದು ಹೋಂಡಾದ ಕೈಪಿಡಿಯೇ ಎಚ್ಚರಿಸುತ್ತದೆ ಎಂಬುದನ್ನು ಮೊದಲು ಓದಿಕೊಳ್ಳಿ. ಹಾಗಿದ್ದರೂ ನಾನು ಎಳೆದಿದ್ದೇನೆ, ನಿಜ. ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲದಿರುವುದರಿಂದ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಇನ್ನೊಂದು ಸಂಗತಿ ರೂಢಿಯಾಗಲು ನನಗೆ ಎರಡು ದಿನ ಹಿಡಿಯಿತು: ಬೈಕಿನ ಗಾಲಿ ಗುಂಡಿಯನ್ನು ತಪ್ಪಿಸಿಕೊಂಡರೂ, ಬೈಕಿನ ಜಾಡಿನ ಪಕ್ಕದಲ್ಲಿ ಉರುಳುವ ಟ್ರೇಲರಿನ ಗಾಲಿ ಅದರಲ್ಲೇ ಇಳಿಯುತ್ತದೆ.

ಉತ್ತರ 3: ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ ಗಂಟೆಗೆ 55 ಮೈಲಿಯೇ ಮಿತಿ. ಟ್ರೇಲರಿನ ದೀಪಗಳ ತಂತಿಯನ್ನು ಬೈಕಿನ ತಂತಿಗೆ ನೇರವಾಗಿ ಹೆಣೆಯದೆ, ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಮೂಲಕ ಜೋಡಿಸಿ. ಹೊರಡುವ ಮುನ್ನ ಖಾಲಿ ಮೈದಾನದಲ್ಲಿ, ತುಂಬಿದ ಭಾರದೊಂದಿಗೇ ಬ್ರೇಕ್ ಹಾಕಿ ನೋಡಿ.